ಎಲ್ಲ ರಕ್ತವೂ ಮೂಲವ್ಯಾಧಿಯದಲ್ಲ
(ಹಾವೇರಿಯಲ್ಲಿ ಹಿರಿಯ ನಾಗರಿಕರಿಗಾಗಿ ನೀಡಿದ ಉಪನ್ಯಾಸ)

ಹಿರಿಯರೆ, ತಾಯಂದಿರೆ, ಎಲ್ಲರಿಗೂ ಶರಣು.

ಶೌಚದಲ್ಲಿ ರಕ್ತ ಕಂಡರೆ ನಮ್ಮ ಕಡೆ ಮೊದಲು ಬೈಸಿಕೊಳ್ಳುವುದು ಮೆಣಸಿನಕಾಯಿ. ‘ಖಾರ ಜಾಸ್ತಿ ಆತ್ರಿ, ಮೂಲವ್ಯಾಧಿ ಎದ್ದೈತಿ’ ಅಂತ ನಾವೇ ತೀರ್ಪು ಕೊಟ್ಟು, ಮಜ್ಜಿಗೆ ಕುಡಿದು ವರ್ಷ ತಳ್ಳುತ್ತೇವೆ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಅದಕ್ಕೇಕೆ ಈ ಅಪವಾದ? ಎಷ್ಟೋ ಸಲ ಅದು ಮೂಲವ್ಯಾಧಿಯೇ ಇರುತ್ತದೆ, ನಿಜ. ಆದರೆ ಒಬ್ಬರಿಗೇ ಮೂಲವ್ಯಾಧಿಯೂ ಇರಬಹುದು, ಒಳಗೆ ಪಾಲಿಪ್ ಕೂಡ ಇರಬಹುದು.

ಪಾಲಿಪ್ ಅಂದರೆ ದೊಡ್ಡ ಕರುಳಿನ ಒಳಪೊರೆಯ ಮೇಲೆ ಬೆಳೆಯುವ ಗಂಟು. ಕೆಲವು ಅಣಬೆಯ ಹಾಗೆ ತೊಟ್ಟಿನ ಮೇಲೆ ನಿಂತಿರುತ್ತವೆ, ಕೆಲವು ಚಪ್ಪಟೆಯಾಗಿ ಅಂಟಿರುತ್ತವೆ. ಬಹುಪಾಲು ಪಾಲಿಪ್‌ಗಳು ಕ್ಯಾನ್ಸರ್ ಆಗುವುದಿಲ್ಲ. ಆದರೆ ದೊಡ್ಡ ಕರುಳಿನ ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದು ಅಡಿನೋಮಾ ಎಂಬ ಬಗೆಯ ಪಾಲಿಪ್‌ನಲ್ಲಿ. ಅದಕ್ಕೆ ಸಾಮಾನ್ಯವಾಗಿ 10 ವರ್ಷವೋ, ಇನ್ನೂ ಹೆಚ್ಚೋ ಹಿಡಿಯುತ್ತದೆ. ಅಷ್ಟೂ ದಿನ ನೋವಿಲ್ಲ, ಜ್ವರವಿಲ್ಲ, ಊಟವೂ ಸೇರುತ್ತದೆ.

ಈ ಗಂಟನ್ನು ತೆಗೆಯಲು ಹೊಟ್ಟೆ ಕೊಯ್ಯಬೇಕಾಗಿದ್ದ ಕಾಲವಿತ್ತು. 1969ರಲ್ಲಿ ನ್ಯೂಯಾರ್ಕಿನಲ್ಲಿ ಹಿರೋಮಿ ಶಿನ್ಯಾ ಮತ್ತು ವಿಲಿಯಂ ವೋಲ್ಫ್ ಎಂಬ ವೈದ್ಯರು ಕೊಲೊನೋಸ್ಕೋಪ್, ಅಂದರೆ ಗುದದ್ವಾರದಿಂದ ಒಳಗೆ ಬಿಟ್ಟು ದೊಡ್ಡ ಕರುಳನ್ನು ನೋಡುವ ಬಳುಕುವ ಪೈಪಿನ ಮೂಲಕ ತಂತಿಯ ಕುಣಿಕೆ ಹಾಕಿ ಪಾಲಿಪ್ ತೆಗೆದರು. ಇವತ್ತಿಗೂ ಕುಣಿಕೆಯೇ. ಕಂಡ ಗಂಟನ್ನು ಸಾಮಾನ್ಯವಾಗಿ ಆಗಲೇ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಕರುಳಿಗೆ ತೂತು ಬೀಳುವುದು, ರಕ್ತ ಸೋರುವುದು ಅಪರೂಪ. ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ.

ಜನ ಹೆದರುವುದು ಪೈಪಿಗೆ. ನಿಜವಾದ ಕಷ್ಟ ಕೊಲೊನೋಸ್ಕೋಪಿ ಎಂಬ ಈ ಪರೀಕ್ಷೆಯ ಹಿಂದಿನ ದಿನದ್ದು. ಭೇದಿಯ ಔಷಧವನ್ನು ಲೀಟರ್‌ಗಟ್ಟಲೆ ನೀರಿನಲ್ಲಿ ಕುಡಿದು, ಮಲ ತಿಳಿ ಹಳದಿ ನೀರಾಗುವವರೆಗೆ ಓಡಾಡಬೇಕು. ಅದಕ್ಕೂ ಎರಡು ಮೂರು ದಿನ ಮೊದಲೇ ಜೋಳದ ರೊಟ್ಟಿ, ಸೊಪ್ಪಿನ ಪಲ್ಯ, ಕಾಳು, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಎಲ್ಲ ಬಂದ್. ಮೆತ್ತನೆ ಅನ್ನ, ತಿಳಿ ಸಾರು ಸಾಕು. ಗುರೆಳ್ಳಿನ ಪುಡಿ ಕರುಳಿಗೆ ಮೆತ್ತಿಕೊಂಡರೆ ಚಪ್ಪಟೆ ಪಾಲಿಪ್ ಕಣ್ಣು ತಪ್ಪಿಸುತ್ತದೆ, ಮತ್ತೆ ಮೊದಲಿನಿಂದ ಔಷಧ ಕುಡಿಯಬೇಕಾದೀತು. ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ, ಕಬ್ಬಿಣದ ಮಾತ್ರೆ ತಗೊಳ್ಳುವವರು ಮೊದಲೇ ವೈದ್ಯರಿಗೆ ತಿಳಿಸಿ. ನೀವಾಗಿ ನಿಲ್ಲಿಸಬೇಡಿ.

ಹಾಗಾದರೆ ಎಲ್ಲರೂ ಈ ಪರೀಕ್ಷೆಗೆಂದು ನಾಳೆ ಹುಬ್ಬಳ್ಳಿ ಬಸ್ಸು ಹತ್ತಬೇಕೆ? ಬೇಡ. ಅಮೆರಿಕದಲ್ಲಿ 2021ರಿಂದ 45 ವರ್ಷಕ್ಕೇ ತಪಾಸಣೆ ಶುರು ಮಾಡಲು ಹೇಳುತ್ತಾರೆ. ಅಲ್ಲಿ ಈ ಕ್ಯಾನ್ಸರ್ ನಮಗಿಂತ ಬಹಳ ಹೆಚ್ಚು. ನಮ್ಮ ಸರ್ಕಾರದ ತಪಾಸಣೆ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್‌ಗಳಿಗಿದೆ. ತೊಂದರೆ ಇಲ್ಲದವರಿಗೆ ಮಲದಲ್ಲಿ ಕಣ್ಣಿಗೆ ಕಾಣದ ರಕ್ತ ಹುಡುಕುವ ಫಿಟ್ ಪರೀಕ್ಷೆಯೂ ಒಂದು ದಾರಿ. ಅದು ಪಾಸಿಟಿವ್ ಬಂದರೆ ‘ಇನ್ನೊಮ್ಮೆ ಮಾಡಿಸಿ ನೋಡೋಣು’ ಅನ್ನುವಂತಿಲ್ಲ, ಕೊಲೊನೋಸ್ಕೋಪಿಯೇ ಆಗಬೇಕು. ರಕ್ತ ಕಂಡವರು, ಕಾರಣವಿಲ್ಲದೆ ಹಿಮೋಗ್ಲೋಬಿನ್ ಇಳಿದವರು, ಶೌಚದ ರೂಢಿ ವಾರಗಟ್ಟಲೆ ಬದಲಾದವರು ಫಿಟ್‌ಗಾಗಿ ಕಾಯದೆ ನೇರವಾಗಿ ವೈದ್ಯರ ಬಳಿ ಹೋಗಿ.

ಮನೆತನದ ಮಾತು ಬೇರೆ. ಅಣ್ಣನಿಗೆ 48ನೇ ವಯಸ್ಸಿನಲ್ಲಿ ಕರುಳಿನ ಕ್ಯಾನ್ಸರ್ ಬಂದಿದ್ದರೆ ತಮ್ಮ 38ಕ್ಕೇ ಕೊಲೊನೋಸ್ಕೋಪಿ ಮಾಡಿಸಬೇಕು: ಹತ್ತು ವರ್ಷ ಮೊದಲು ಅಥವಾ 40ಕ್ಕೆ, ಯಾವುದು ಮುಂಚೆಯೋ ಅದು. ನಮ್ಮಲ್ಲಿ ಕ್ಯಾನ್ಸರ್ ಅಂದರೆ ‘ಮಗಳ ಮದುವಿ ಐತಿ, ಸುದ್ದಿ ಆಗೂದು ಬ್ಯಾಡ’ ಅಂತ ಬಾಯಿ ಮುಚ್ಚುತ್ತೇವೆ. ಊರಿಗೆ ಹೇಳಬೇಡಿ, ಬಿಡಿ. ಒಡಹುಟ್ಟಿದವರಿಗಾದರೂ ಹೇಳಿ, ಬಯಾಪ್ಸಿ ರಿಪೋರ್ಟಿನ ಝೆರಾಕ್ಸ್ ಕೊಡಿ.

ಈಗ ನಿಮ್ಮ ಪ್ರಶ್ನೆಗಳು. ಎದ್ದು ಕೇಳಲು ಸಂಕೋಚವಾದರೆ ಚೀಟಿಯಲ್ಲಿ ಬರೆದು ಕಳಿಸಿ, ಹೆಸರು ಬೇಡ.