ನಮ್ಮವರ ಹಾಗೆ ಮಾತಾಡುವ ಅಪರಿಚಿತ

ಎಲ್ಲರಿಗೂ ನಮಸ್ಕಾರ.

ಊರು ಬಿಟ್ಟು ಪುಣೆಗೆ ಬಂದ ನಮಗೆ ಕಿವಿಗೆ ಕನ್ನಡ ಬಿದ್ದರೆ ಸಾಕು, ಅರ್ಧ ನೆಂಟಸ್ತನ ಆದ ಹಾಗೆ. ಬಸ್ಸಿನಲ್ಲಿ ಯಾರೋ ಫೋನಿನಲ್ಲಿ 'ಹೂಂ ರೀ, ಬರ್ತೀನ್ರೀ' ಅಂದರೆ ತಿರುಗಿ ನೋಡುತ್ತೇವೆ, 'ಯಾವೂರ್ರೀ ನಿಮ್ದು?' ಅಂತ ಕೇಳಿಯೇ ಬಿಡುತ್ತೇವೆ. ಈ ಗುಣ ನನಗೆ ಬಹಳ ಇಷ್ಟ. ಇದೇ ಗುಣದ ಮೇಲೆ ಕಣ್ಣಿಟ್ಟವರ ಬಗ್ಗೆ ಇವತ್ತು ಹೇಳಬೇಕಾಗಿದೆ.

ನಾನು ಹಿಂಜವಡಿಯ ಒಂದು ಕಂಪನಿಯಲ್ಲಿ ಕಂಪ್ಯೂಟರ್ ಭದ್ರತೆಯ ಕೆಲಸ ನೋಡಿಕೊಳ್ಳುತ್ತೇನೆ. ಬಾಗಲಕೋಟೆಯಲ್ಲಿ ಓದಿದ ಹುಡುಗಿಯೊಬ್ಬಳು ನಮ್ಮಲ್ಲಿ ಸೇರಿದಳು. ಮೊದಲ ದಿನವೇ ಐಡಿ ಕಾರ್ಡ್ ಕೊರಳಿಗೆ ಹಾಕಿಕೊಂಡು, ತನ್ನ ಮೇಜಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡಳು. ಲಿಂಕ್ಡ್‌ಇನ್‌ಗೂ ಇನ್‌ಸ್ಟಾಗ್ರಾಂಗೂ ಹಾಕಿದಳು. ಮನೆಯಲ್ಲಿ ಅಪ್ಪ ಅಮ್ಮ ನೋಡಿ ಖುಷಿಪಡಲಿ ಅಂತ.

ಆ ಫೋಟೊವನ್ನು ಆಮೇಲೆ ನಾವಿಬ್ಬರೂ ಹಿಗ್ಗಿಸಿ ನೋಡಿದೆವು. ಕಾರ್ಡಿನ ಮೇಲೆ ಅವಳ ಉದ್ಯೋಗಿ ಸಂಖ್ಯೆ. ಹಿಂದಿನ ಬಿಳಿ ಬೋರ್ಡಿನ ಮೇಲೆ ಪ್ರಾಜೆಕ್ಟಿನ ಹೆಸರು. ಪಕ್ಕದ ಮಾನಿಟರಿನಲ್ಲಿ ನಮ್ಮ ವಿಪಿಎನ್‌ನ, ಅಂದರೆ ಹೊರಗಿನಿಂದ ಕಂಪನಿಯ ಜಾಲದೊಳಗೆ ಬರುವ ದಾರಿಯ, ಲಾಗಿನ್ ಪುಟ. ಮ್ಯಾನೇಜರಿಗೆ ಥ್ಯಾಂಕ್ಸ್ ಹೇಳಿ ಅವರನ್ನೂ ಟ್ಯಾಗ್ ಮಾಡಿದ್ದಳು.

ನಾಲ್ಕನೇ ದಿನ ಫೋನ್ ಬಂತು. 'ಹೆಲ್ಪ್‌ಡೆಸ್ಕಿಂದ ರೀ. ನಾನೂ ನಿಮ್ಮ ಕಡೆಯಾಂವನ.' ಉದ್ಯೋಗಿ ಸಂಖ್ಯೆಯನ್ನು ಅವನೇ ಹೇಳಿದ, ಪ್ರಾಜೆಕ್ಟಿನ ಹೆಸರನ್ನೂ ಅವನೇ ಹೇಳಿದ. ಇವಳು ಹೇಳಬೇಕಾದದ್ದು ಪಾಸ್‌ವರ್ಡ್ ಮತ್ತು ಓಟಿಪಿ ಮಾತ್ರ. ಹೇಳಿದಳು.

ಇದನ್ನು ಹಳ್ಳಿ ಹುಡುಗಿಯ ಮುಗ್ಧತೆ ಅಂತ ದಯವಿಟ್ಟು ತಿಳಿಯಬೇಡಿ. 2020ರ ಜುಲೈನಲ್ಲಿ ಟ್ವಿಟರ್ ಕಂಪನಿಯೇ ಹೀಗೆ ಮೋಸಹೋಯಿತು. ಯಾರು ಯಾವ ಹುದ್ದೆಯಲ್ಲಿದ್ದಾರೆ ಎಂದು ಮೊದಲೇ ತಿಳಿದುಕೊಂಡ ಹುಡುಗರು, ಮನೆಯಿಂದ ಕೆಲಸ ಮಾಡುತ್ತಿದ್ದ ಸಿಬ್ಬಂದಿಗೆ ಐಟಿ ವಿಭಾಗದವರ ಹೆಸರಿನಲ್ಲಿ ಫೋನ್ ಮಾಡಿದರು. ವಿಪಿಎನ್ ತೊಂದರೆ ಸರಿಮಾಡುತ್ತೇವೆ ಅಂದರು. ಆಗ ಎಲ್ಲರಿಗೂ ಆ ತೊಂದರೆ ಇದ್ದೇ ಇತ್ತು, ಹಾಗಾಗಿ ನಂಬಿದರು. ಒಬಾಮಾ, ಬೈಡನ್ ಸೇರಿದಂತೆ 130 ಖಾತೆಗಳಿಗೆ ಗುರಿಯಿಟ್ಟಿದ್ದರು. ಮುಖ್ಯ ಆರೋಪಿಗೆ ವಯಸ್ಸು 17.

ಫೋಟೊದ ಹಿನ್ನೆಲೆಯ ವಿಷಯವೂ ಹೊಸದಲ್ಲ. 2015ರಲ್ಲಿ ಫ್ರಾನ್ಸಿನ ಟಿವಿ5 ಮಾಂಡ್ ವಾಹಿನಿಯ ಮೇಲೆ ಸೈಬರ್ ದಾಳಿಯಾದಾಗ ಅದರ ವರದಿಗಾರರೊಬ್ಬರು ಸಂದರ್ಶನ ಕೊಟ್ಟರು. ಅವರ ಬೆನ್ನ ಹಿಂದೆ ಚೀಟಿಗಳ ಮೇಲೆ ಬರೆದಂಟಿಸಿದ್ದ ಪಾಸ್‌ವರ್ಡ್‌ಗಳು ಟಿವಿಯಲ್ಲಿ ಕಂಡವು. ಫೋನಿನ ಮೂಲಕ ಗುಟ್ಟು ಹೊರಗೆ ಹೋಗುವ ಭಯ ದೊಡ್ಡ ಸಂಸ್ಥೆಗಳಿಗೂ ಇದೆ. ನಮ್ಮ ಪುಣೆಯಲ್ಲೇ 2023ರ ಮೇ ತಿಂಗಳಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒದ ವಿಜ್ಞಾನಿಯೊಬ್ಬರನ್ನು ಪೊಲೀಸರ ಭಯೋತ್ಪಾದನಾ ನಿಗ್ರಹ ದಳ (ಎಟಿಎಸ್) ಬಂಧಿಸಿತು. ಪಾಕಿಸ್ತಾನದ ಏಜೆಂಟರ ಜೊತೆ ವಾಟ್ಸ್ಆ್ಯಪ್, ವಿಡಿಯೊ ಕಾಲ್‌ಗಳ ಮೂಲಕ ಸಂಪರ್ಕವಿತ್ತು ಎಂಬುದು ಅವರ ಮೇಲಿನ ಆರೋಪ.

ಚಾಕಣದ ಕಾರ್ಖಾನೆಗಳಲ್ಲಿರುವ ಗೆಳೆಯರಿಗೆ ಒಂದು ಮಾತು. ಡ್ರಾಯಿಂಗು, ಲೋಡಿಂಗ್ ಲಿಸ್ಟು ಎಲ್ಲ ವಾಟ್ಸ್ಆ್ಯಪ್ ಗ್ರೂಪಿನಲ್ಲೇ ಓಡಾಡುತ್ತವೆ. ಕೆಲಸ ಬಿಟ್ಟು ಬೇರೆ ಕಂಪನಿಗೆ ಹೋದವರು ಆ ಗ್ರೂಪಿನಲ್ಲಿ ಹಾಗೆಯೇ ಉಳಿದಿರುತ್ತಾರೆ. ಇವತ್ತೇ ಪಟ್ಟಿ ನೋಡಿ.

ಸಾಮಾಜಿಕ ಜಾಲತಾಣಗಳನ್ನೇ ನಿಷೇಧಿಸಿ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಆಫೀಸಿನ ಕಂಪ್ಯೂಟರಿನಲ್ಲಿ ತಡೆದರೆ ಜೇಬಿನಲ್ಲಿ ಫೋನ್ ಇದ್ದೇ ಇರುತ್ತದೆ. ಮಾಡಬೇಕಾದದ್ದು ಬೇರೆ. ಫೋನ್ ಮಾಡಿದವರು ನಿಮ್ಮ ಬಗ್ಗೆ ಎಷ್ಟೇ ಸರಿಯಾಗಿ ಹೇಳಲಿ, ಎಷ್ಟೇ ಚೆಂದದ ಕನ್ನಡ ಆಡಲಿ, 'ಇಡ್ರೀ, ನಾನೇ ಹೆಲ್ಪ್‌ಡೆಸ್ಕಿಗೆ ಮಾಡ್ತೀನಿ' ಅಂತ ಇಟ್ಟುಬಿಡಿ. ನಿಮಗೆ ಗೊತ್ತಿರುವ ನಂಬರಿಗೆ ನೀವೇ ಮಾಡಿ. ನಿಜವಾದ ಹೆಲ್ಪ್‌ಡೆಸ್ಕಿನವರಿಗೆ ಇದರಿಂದ ಬೇಜಾರಾಗುವುದಿಲ್ಲ. ದುಡ್ಡೇ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಇಲ್ಲಿರುವ ಮ್ಯಾನೇಜರುಗಳಿಗೆ ಕೈಮುಗಿದು ಕೇಳುತ್ತೇನೆ: ತಪ್ಪು ಒಪ್ಪಿಕೊಂಡು ಬಂದವರನ್ನು ಎಲ್ಲರೆದುರು ಬೈಯಬೇಡಿ. ಆ ಹುಡುಗಿ ಹತ್ತೇ ನಿಮಿಷದಲ್ಲಿ ನನ್ನ ಮೇಜಿನ ಹತ್ತಿರ ಬಂದಳು. ಕೈ ನಡುಗುತ್ತಿತ್ತು. 'ಸರ್, ನನ್ನಿಂದ ಏನೋ ತಪ್ಪಾಗೈತಿ' ಅಂದಳು. ಅಷ್ಟರೊಳಗೆ ಅವನು ಒಳಗೆ ಬಂದಿದ್ದ, ಆದರೆ ಇನ್ನೂ ಏನನ್ನೂ ಮುಟ್ಟಿರಲಿಲ್ಲ. ಕೂಡಲೇ ಅವಳ ಖಾತೆ ಮುಚ್ಚಿದೆವು. ಹೆದರಿ ಸಂಜೆಯವರೆಗೆ ಸುಮ್ಮನಿದ್ದಿದ್ದರೆ ಗ್ರಾಹಕರ ದಾಖಲೆಗಳು ಹೋಗಿರುತ್ತಿದ್ದವು.

ಈಗ ಹೊಸಬರು ಸೇರುವ ದಿನ ಅವಳೇ ಅವರನ್ನು ಕ್ಯಾಂಟೀನಿನ ಬಿಳಿ ಗೋಡೆಯ ಹತ್ತಿರ ಕರೆದೊಯ್ಯುತ್ತಾಳೆ. ಕಾರ್ಡನ್ನು ಜೇಬಿಗೆ ಹಾಕಿಸಿ, ಒಬ್ಬೊಬ್ಬರದೇ ಫೋಟೊ ತೆಗೆದು ಕೊಡುತ್ತಾಳೆ, ಮನೆಗೆ ಕಳಿಸಲು.