ಕೊನೆಯ ಸಾಲಿನಲ್ಲಿ ಕೂರುವವರು ಯಾರು?

ಕೇಳುಗರೆಲ್ಲರಿಗೂ ನಮಸ್ಕಾರ.

ಆರು ಸೀಟಿನ ದೊಡ್ಡ ಎಲೆಕ್ಟ್ರಿಕ್ ಕಾರು ಕೊಳ್ಳಲು ಹೊರಟವರು ಮೊದಲು ಕೇಳುವುದು ‘ಒಂದು ಸಲ ಚಾರ್ಜ್ ಮಾಡಿದರೆ ಎಷ್ಟು ಓಡ್ತದೆ?’ ಎಂದು. ಆಮೇಲೆ ‘ಚಾರ್ಜ್ ಆಗಲು ಎಷ್ಟು ಹೊತ್ತು ಬೇಕು?’ ಎಂದು. ಎರಡೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ಎರಡು ಗಾಡಿಗಳನ್ನು ಪಕ್ಕಪಕ್ಕ ನಿಲ್ಲಿಸಿ ಒಂದನ್ನು ಆರಿಸಬೇಕು ಎಂದಾಗ ನಾನು ಬೇರೆಯೇ ಒಂದು ಪ್ರಶ್ನೆ ಮುಂದಿಡುತ್ತೇನೆ. ಕೊನೆಯ ಸಾಲಿನಲ್ಲಿ ಕೂರುವವರು ಯಾರು? ಅಜ್ಜನೋ, ಹತ್ತನೇ ತರಗತಿಯ ಮೊಮ್ಮಗನೋ, ಐದು ವರ್ಷದ ಮಗುವೋ, ಅಥವಾ ವರ್ಷದಲ್ಲಿ ಎರಡು ಸಲ ಬರುವ ಅತ್ತಿಗೆಯೋ? ಇದು ಮನೆಯಲ್ಲೇ ತೀರ್ಮಾನವಾಗಬೇಕಾದ ವಿಷಯ. ತೀರ್ಮಾನಿಸದೆ ಶೋರೂಮಿಗೆ ಹೋದರೆ ಮಾರುವವರು ಹೇಳಿದ್ದೇ ವೇದವಾಕ್ಯವಾಗುತ್ತದೆ.

ಅಮೆರಿಕದಲ್ಲಿರುವ ನನ್ನ ಅಕ್ಕನ ಮಗಳು ಮೊನ್ನೆ ಫೋನಿನಲ್ಲಿ, ‘ಮಾವ, ಕಿಯಾ ಇವಿ 9 ತಗೊಳ್ಳುವುದಾ, ಹ್ಯುಂಡೈ ಅಯಾನಿಕ್ 9 ತಗೊಳ್ಳುವುದಾ?’ ಎಂದು ಕೇಳಿದಳು. ಅದೇ ಹೊತ್ತಿಗೆ ಉಡುಪಿಯಲ್ಲಿರುವ ಭಾವನವರಿಗೂ ಆರು ಸೀಟಿನ ಕಾರಿನ ಯೋಚನೆ ಹತ್ತಿತ್ತು. ಹೀಗಾಗಿ ಒಂದೇ ವಿಷಯವನ್ನು ಎರಡು ಊರಿನ ಲೆಕ್ಕದಲ್ಲಿ ನೋಡುವ ಹಾಗಾಯಿತು.

ಈ ಎರಡು ಕಾರುಗಳ ಹೆಸರು ಬೇರೆ, ಮುಖ ಬೇರೆ, ಆದರೆ ಕಂಪನಿಗಳ ಗುಂಪು ಒಂದೇ. ಅಣ್ಣತಮ್ಮಂದಿರು ಒಂದೇ ಪಂಚಾಂಗದ ಮೇಲೆ ಎರಡು ಮನೆ ಎಬ್ಬಿಸಿದ ಹಾಗೆ. ಇ-ಜಿಎಂಪಿ ಎನ್ನುವ ತಳಪಾಯ, ಬೇಗ ಚಾರ್ಜ್ ಆಗಲು ನೆರವಾಗುವ 800 ವೋಲ್ಟಿನ ವ್ಯವಸ್ಥೆ ಎರಡಕ್ಕೂ ಸಮಾನ. ಅಮೆರಿಕದ ಮಾರುಕಟ್ಟೆಗೆ ಬೇಕಾದವು ತಯಾರಾಗುವುದೂ ಜಾರ್ಜಿಯಾ ಎಂಬ ಒಂದೇ ರಾಜ್ಯದಲ್ಲಿ, ಕಾರ್ಖಾನೆಗಳು ಮಾತ್ರ ಬೇರೆ. ಕಿಯಾ 2023ರಲ್ಲಿ ಬಂತು, 2024ರಲ್ಲಿ ‘ವರ್ಲ್ಡ್ ಕಾರ್ ಆಫ್ ದಿ ಇಯರ್’ ಪ್ರಶಸ್ತಿ ಪಡೆಯಿತು. ಅಯಾನಿಕ್ 9 ಅದರ ನಂತರ, 2024ರ ನವೆಂಬರಿನಲ್ಲಿ ಲಾಸ್ ಏಂಜಲೀಸಿನಲ್ಲಿ ಬೆಳಕು ಕಂಡಿತು. ಕಿಯಾದ ದೊಡ್ಡ ಬ್ಯಾಟರಿ 99.8 ಯೂನಿಟ್, ಅಂದರೆ ಕಿಲೋವ್ಯಾಟ್ ಅವರ್. ಅಯಾನಿಕ್‌ನದ್ದು 110.3. ಉದ್ದದಲ್ಲಿ ಕಿಯಾ 5.01 ಮೀಟರ್, ಅಯಾನಿಕ್ 5.06. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಅಂತರ ಒಂದರಲ್ಲಿ 3.10 ಮೀಟರ್, ಇನ್ನೊಂದರಲ್ಲಿ 3.13. ಅಗಲ ಎರಡರದ್ದೂ 1.98 ಮೀಟರ್.

ಐದು ಸೆಂಟಿಮೀಟರಿಗೆ ಇಷ್ಟು ತಲೆಬಿಸಿಯಾ ಎಂದು ನೀವು ಕೇಳಬಹುದು. ಕೊನೆಯ ಸಾಲಿನಲ್ಲಿ ಅದೇ ದೊಡ್ಡದು, ಮಾರಾಯ್ರೆ. ಎಲೆಕ್ಟ್ರಿಕ್ ಕಾರಿನಲ್ಲಿ ಬ್ಯಾಟರಿ ಇರುವುದು ನೆಲದಡಿಯಲ್ಲಿ. ಅದರಿಂದ ಒಳಗಿನ ನೆಲ ಮೇಲೆದ್ದಿರುತ್ತದೆ. ನೆಲ ಎದ್ದಷ್ಟು ಸೀಟನ್ನೂ ಎತ್ತಿದರೆ ತಲೆ ಮಾಡಿಗೆ ತಾಗುತ್ತದೆ, ಹಾಗಾಗಿ ಸೀಟು ತಗ್ಗಿನಲ್ಲೇ ಉಳಿಯುತ್ತದೆ. ಪರಿಣಾಮ, ಮೊಣಕಾಲು ಮೇಲಕ್ಕೆ ಬಂದು ತೊಡೆ ಸೀಟಿಗೆ ತಾಗದೆ ಗಾಳಿಯಲ್ಲಿ ನಿಲ್ಲುತ್ತದೆ. ಹತ್ತು ನಿಮಿಷ ಏನೂ ಗೊತ್ತಾಗುವುದಿಲ್ಲ. ಉಡುಪಿಯಿಂದ ಹೊರಟು ಕುಂದಾಪುರ ಮುಟ್ಟುವ ಹೊತ್ತಿಗೆ ಸೊಂಟ ಮಾತಾಡಲು ಶುರು ಮಾಡುತ್ತದೆ. ಇಂಥ ಕಡೆ ಕಾಲು ಸ್ವಲ್ಪ ಮುಂದೆ ಚಾಚಲು ಸಿಗುವ ಒಂದೆರಡು ಸೆಂಟಿಮೀಟರೂ ಬೆಲೆಬಾಳುವಂಥದ್ದೇ.

ಪರೀಕ್ಷೆ ಮಾಡುವ ಕ್ರಮವೂ ಉಂಟು. ಮನೆಯಲ್ಲಿ ಅತಿ ಎತ್ತರದವರು ಮುಂದಿನ ಸೀಟನ್ನು ತಮಗೆ ಬೇಕಾದಷ್ಟು ಹಿಂದೆ ಸರಿಸಿ ಕೂರಲಿ. ಅವರ ಹಿಂದೆ, ನಡುವಿನ ಸಾಲಿನಲ್ಲಿ, ಇನ್ನೊಬ್ಬ ದೊಡ್ಡವರು ಆರಾಮವಾಗಿ ಕೂರಲಿ. ಅಷ್ಟಾದ ಮೇಲೆ ಉಳಿದ ಜಾಗದಲ್ಲಿ ಕೊನೆಯ ಸಾಲಿನವರು ಕೂರಬೇಕು. ಶೋರೂಮಿನಲ್ಲಿ ಸಾಮಾನ್ಯವಾಗಿ ಇದು ತಿರುಗುಮುರುಗಾಗಿರುತ್ತದೆ. ನಡುವಿನ ಸೀಟನ್ನು ಆದಷ್ಟು ಮುಂದೆ ತಳ್ಳಿಟ್ಟು ‘ನೋಡಿ ಸಾರ್, ಹಿಂದೆ ಎಷ್ಟು ಜಾಗ!’ ಎನ್ನುತ್ತಾರೆ. ಇನ್ನೂ ಒಂದು ಮಾತು. ಆರು ಸೀಟು ಎಂದರೆ ನಡುವಿನ ಸಾಲಿನಲ್ಲಿ ಎರಡು ಕ್ಯಾಪ್ಟನ್ ಸೀಟು, ಅವುಗಳ ನಡುವೆ ಓಣಿಯ ಹಾಗೆ ದಾರಿ. ಹಿಂದೆ ಹೋಗಲು ಸೀಟು ಮಡಚಬೇಕಿಲ್ಲ ಎನ್ನುವುದು ಏಳು ಸೀಟಿನವಕ್ಕಿಂತ ಇದರ ಹೆಚ್ಚುಗಾರಿಕೆ. ಆದರೆ ಆ ದಾರಿಯಲ್ಲಿ ಸೀರೆ ಉಟ್ಟವರು ಅಡ್ಡವಾಗಿ ನುಸುಳಿ ಹೋಗಬಲ್ಲರೇ ಎಂದು ಒಮ್ಮೆ ನೋಡಿಬಿಡಿ. ಮಸಾಜ್ ಮಾಡುವ, ಕಾಲು ಚಾಚಿ ಮಲಗಿಸುವ ಭಾರೀ ಸೀಟುಗಳಿದ್ದಲ್ಲಿ ಓಣಿ ಕಿರಿದಾಗುತ್ತದೆ. ಭಾರತಕ್ಕೆ ಬಂದಿರುವ ಇವಿ 9ರಲ್ಲಿ ಅಂಥ ಸೀಟುಗಳೇ ಇರುವುದು.

ಅಕ್ಕನ ಮಗಳ ಮನೆಯಲ್ಲಿ ಹಿಂದಿನ ಸಾಲು ಇಬ್ಬರು ಹದಿಹರೆಯದ ಹುಡುಗರದ್ದು. ಇಬ್ಬರೂ ಅಪ್ಪನನ್ನು ಮೀರಿ ಬೆಳೆದವರು. ಅಲ್ಲಿನ ಸರಕಾರಿ ಪರೀಕ್ಷೆಯ ಲೆಕ್ಕದಲ್ಲಿ ಹಿಂದಿನ ಚಕ್ರಗಳಿಗೆ ಮಾತ್ರ ಮೋಟಾರ್ ಇರುವ ಅಯಾನಿಕ್ 335 ಮೈಲಿ, ಅಂದರೆ 540 ಕಿಲೋಮೀಟರಿನ ಹತ್ತಿರ ಓಡುತ್ತದೆ. ಅಂಥದ್ದೇ ಕಿಯಾ 490 ಕಿಲೋಮೀಟರಿನ ಆಸುಪಾಸು. ಬೆಲೆಯಲ್ಲಿ ಕಿಯಾ ಸ್ವಲ್ಪ ಅಗ್ಗ. ‘ಹುಡುಗರು ಇನ್ನೂ ಉದ್ದ ಆಗುವವರು, ಅಯಾನಿಕ್ ತೆಗೆದುಕೋ’ ಎಂದೆ. ಅವಳ ಮಟ್ಟಿಗೆ ವಿಷಯ ಅಲ್ಲಿಗೆ ಮುಗಿಯಿತು.

ಭಾವನವರದ್ದು ಅಷ್ಟು ಸುಲಭದಲ್ಲಿ ಮುಗಿಯುವಂಥದ್ದಲ್ಲ. ಅಯಾನಿಕ್ 9 ನಮ್ಮ ದೇಶದ ಶೋರೂಮಿಗೆ ಬಂದಿಲ್ಲ. ಇವಿ 9 ಬಂದಿದೆ, 2024ರ ಅಕ್ಟೋಬರಿನಲ್ಲಿ, ಪೂರ್ತಿ ತಯಾರಾಗಿ ಹಡಗಿನಲ್ಲಿ. ಆಗ ಅದರ ಎಕ್ಸ್‌ಶೋರೂಂ ಬೆಲೆ 1.30 ಕೋಟಿ. ಅದಕ್ಕೆ ಎದುರಾಗಿ ಆರು ಸೀಟಿನದ್ದೇ ಇನ್ನೊಂದು ಬೇಕೆಂದರೆ ಚೀನಾದ ಬಿವೈಡಿ ಕಂಪನಿಯ ಇಮ್ಯಾಕ್ಸ್ 7 ಎಂಬ ಎಲೆಕ್ಟ್ರಿಕ್ ಕಾರು ಉಂಟು. ಅದೂ ಅದೇ ತಿಂಗಳಲ್ಲಿ ಬಂದದ್ದು, ಆಗ ಅದರ ಶುರುವಿನ ಬೆಲೆ 26.90 ಲಕ್ಷ. ಅದು ಇವಿ 9ರ ಹಾಗೆ ಎಸ್‌ಯುವಿ ಅಲ್ಲ, ಎಂಪಿವಿ, ಅಂದರೆ ಇನ್ನೋವಾದಂಥ ಮನೆಮಂದಿಯ ಗಾಡಿ. ಆದರೆ ಮನೆಮಂದಿ ಹೋಗಲು ಎಂದು ಕೊಳ್ಳುವವರಿಗೆ ಆ ಹಣೆಪಟ್ಟಿಯಿಂದ ಆಗಬೇಕಾದದ್ದು ಏನಿದೆ? ಒಂದು ಕೋಟಿಯ ವ್ಯತ್ಯಾಸ ಮಾತ್ರ ಎಲ್ಲರಿಗೂ ಅರ್ಥವಾಗುತ್ತದೆ. ಇಷ್ಟರ ಮೇಲೆ, 2024ರಿಂದ ಕರ್ನಾಟಕದಲ್ಲಿ 25 ಲಕ್ಷ ದಾಟಿದ ಎಲೆಕ್ಟ್ರಿಕ್ ಕಾರಿಗೆ ಶೇಕಡಾ 10ರಷ್ಟು ಜೀವಾವಧಿ ತೆರಿಗೆ ಬಂದಿದೆ. 1.30 ಕೋಟಿಗೆ ಅದೊಂದೇ 13 ಲಕ್ಷ. ಆ ದುಡ್ಡಿಗೆ ಇನ್ನೊಂದು ಸಣ್ಣ ಕಾರು ಬರುತ್ತದೆ.

ದುಡ್ಡಿನ ವಿಷಯ ಬಿಡಿ, ಅದು ಅವರವರ ಕಿಸೆಗೆ ಸೇರಿದ್ದು. ಸುಮಾರು ಎರಡು ಮೀಟರ್ ಅಗಲದ ಗಾಡಿಯನ್ನು ನಿಲ್ಲಿಸುವುದು ಎಲ್ಲಿ? ಮಂಗಳೂರಿನ ಫ್ಲ್ಯಾಟುಗಳಲ್ಲಿ ಒಂದು ಕಾರಿಗೆ ಬಿಡುವ ಜಾಗ ಸಾಮಾನ್ಯವಾಗಿ ಎರಡೂವರೆ ಮೀಟರ್ ಅಗಲ. ಗಾಡಿ ಸರಿಯಾಗಿ ನಡುವಿಗೆ ನಿಂತರೂ ಎರಡು ಬದಿಯಲ್ಲಿ ಒಂದೊಂದು ಗೇಣು ಉಳಿಯುತ್ತದೆ. ಪಕ್ಕದಲ್ಲಿ ಕಂಬ ಬಂತೆಂದರೆ ಮುಗಿಯಿತು, ಅಜ್ಜಿಯನ್ನು ಹೊರಗೆ ಗೇಟಿನ ಹತ್ತಿರವೇ ಇಳಿಸಿ ಗಾಡಿ ಒಳಗೆ ತರಬೇಕು. ಮಳೆಗಾಲದಲ್ಲಿ ಕೊಡೆ ಹಿಡಿದು ನಿಲ್ಲುವವರೂ ಒಬ್ಬರು ಬೇಕು. ಕದ್ರಿ ಗುಡ್ಡದ ಕಡೆಯ ಹಳೆಯ ಮನೆಗಳ ಗೇಟು, ಎರಡು ಬದಿಗೂ ಮುರಕಲ್ಲಿನ ಕಾಂಪೌಂಡು ಇರುವ ಓಣಿಗಳು, ಇವೆಲ್ಲ ಅಂಬಾಸಿಡರ್ ಕಾಲದ ಅಳತೆಯವು. ಇಮ್ಯಾಕ್ಸ್ 7ರ ಅಗಲ 1.81 ಮೀಟರ್. ಆ 17 ಸೆಂಟಿಮೀಟರಿನಲ್ಲಿ ಎಷ್ಟೋ ಗೇಟುಗಳ ಹಣೆಬರಹ ಬದಲಾಗುತ್ತದೆ. ಅಳತೆ ಟೇಪು ಹಿಡಿದು ಗೇಟನ್ನು ಅಳೆಯುವಾಗ ಕನ್ನಡಿಗಳನ್ನೂ ಸೇರಿಸಿಕೊಳ್ಳಿ, ಕಂಪನಿ ಹೇಳುವ ಅಗಲದಲ್ಲಿ ಅವು ಸೇರಿರುವುದಿಲ್ಲ.

ಇನ್ನು ಸಾಮಾನು. ಇದನ್ನು ನಾವು ಕರಾವಳಿಯವರು ಮರೆಯಬಾರದು, ಯಾಕೆಂದರೆ ನಮ್ಮಲ್ಲಿ ದೊಡ್ಡ ಗಾಡಿ ಬೇಕಾಗುವುದೇ ಬಜ್ಪೆ ವಿಮಾನ ನಿಲ್ದಾಣಕ್ಕೆ ಹೋಗಲು. ಗಲ್ಫಿನಿಂದ ಮಗ, ಸೊಸೆ, ಮಗು ಬಂದರೆ ದೊಡ್ಡ ಪೆಟ್ಟಿಗೆಗಳೇ ನಾಲ್ಕೈದು ಇರುತ್ತವೆ. ಆರು ಸೀಟಿನಲ್ಲೂ ಜನ ಕೂತಾಗ ಇವಿ 9ರ ಡಿಕ್ಕಿಯಲ್ಲಿ ಉಳಿಯುವುದು 333 ಲೀಟರ್, ಅಂದರೆ ಒಂದು ಸಣ್ಣ ಹ್ಯಾಚ್‌ಬ್ಯಾಕಿನ ಡಿಕ್ಕಿಯಷ್ಟು. ಇಮ್ಯಾಕ್ಸ್ 7ರಲ್ಲಿ 180 ಲೀಟರ್. ಅದರಲ್ಲಿ ಎರಡು ಕೈಚೀಲ, ಒಂದು ತೆಂಗಿನಕಾಯಿ ಗೋಣಿ ಹಿಡಿದರೆ ಹೆಚ್ಚು. ಹಾಗಾಗಿ ಆರು ಜನ ಮತ್ತು ಸಾಮಾನು ಎನ್ನುವುದು ಈ ಎರಡರಲ್ಲೂ ಒಟ್ಟಿಗೆ ಆಗುವ ಮಾತಲ್ಲ. ಕರೆತರಲು ಒಬ್ಬರೇ ಹೋಗಬೇಕು, ಹಿಂದಿನ ಸೀಟು ಮಡಚಬೇಕು. ಇಡೀ ಮನೆ ಸ್ವಾಗತಕ್ಕೆ ಹೊರಟಿತೋ, ಪೆಟ್ಟಿಗೆಗಳಿಗೆ ಬೇರೆ ಟ್ಯಾಕ್ಸಿ ಹಿಡಿಯಬೇಕು. ಮಾಡಿನ ಮೇಲೆ ಕ್ಯಾರಿಯರ್ ಹಾಕಿಸಬಹುದು, ಗಾಳಿಯ ತಡೆಗೆ ಓಟ ಕಡಿಮೆಯಾಗುತ್ತದೆ ಅಷ್ಟೇ.

ಘಾಟಿ ಹತ್ತಿದರೆ ಬ್ಯಾಟರಿ ಖಾಲಿಯಾಗುತ್ತದೆ ಎಂದು ಹೆದರುವವರು ಬಹಳ ಮಂದಿ. ಲೆಕ್ಕ ಹಾಕಿ ನೋಡೋಣ. ಇವಿ 9ರ ತೂಕ ಎರಡೂವರೆ ಟನ್ ಮೀರಿದ್ದು. ಆರು ಜನ ಕೂತರೆ ಮೂರು ಟನ್ ಎನ್ನೋಣ. ಉಡುಪಿಯಿಂದ ಆಗುಂಬೆ ಸುಮಾರು 640 ಮೀಟರ್ ಎತ್ತರ. ಮೂರು ಟನ್ನನ್ನು ಅಷ್ಟು ಎತ್ತಲು ಬೇಕಾಗುವ ವಿದ್ಯುತ್ತು ಐದು ಯೂನಿಟ್ ಚಿಲ್ಲರೆ. ನೂರು ಯೂನಿಟಿನ ಬ್ಯಾಟರಿಯಲ್ಲಿ ಅದು ಶೇಕಡಾ ಐದು. ಮೋಟಾರಿನಲ್ಲಿ ಪೋಲಾಗುವುದನ್ನೂ ಸೇರಿಸಿ ಆರು ಎನ್ನಿ. ಇಳಿಯುವಾಗ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹಿಂದಕ್ಕೆ ಬರುತ್ತದೆ, ಬ್ರೇಕಿನ ಬದಲು ಮೋಟಾರೇ ಗಾಡಿಯನ್ನು ತಡೆದು ಬ್ಯಾಟರಿಗೆ ತುಂಬಿಸುತ್ತದೆ. ಒಂದು ಎಚ್ಚರಿಕೆ ಮಾತ್ರ ಬೇಕು. ಸಕಲೇಶಪುರದಲ್ಲಿ ನೂರಕ್ಕೆ ನೂರು ತುಂಬಿಸಿಕೊಂಡು ಶಿರಾಡಿ ಇಳಿದರೆ ಹಿಂದಕ್ಕೆ ಬರುವ ವಿದ್ಯುತ್ತಿಗೆ ಬ್ಯಾಟರಿಯಲ್ಲಿ ಜಾಗ ಇರುವುದಿಲ್ಲ, ತಡೆಯುವ ಕೆಲಸವೆಲ್ಲ ಬ್ರೇಕಿನ ಮೇಲೆಯೇ ಬೀಳುತ್ತದೆ. ಅಲ್ಲಿ ಎಂಬತ್ತಕ್ಕೆ ನಿಲ್ಲಿಸಿದರೆ ಸಾಕು.

ಘಾಟಿಯ ನಿಜವಾದ ತೊಂದರೆ ಕೊನೆಯ ಸಾಲಿನವರದ್ದು. ಆಗುಂಬೆಯಲ್ಲಿ 14 ಹೇರ್‌ಪಿನ್ ತಿರುವುಗಳು. ಆಕ್ಸಿಲರೇಟರಿನಿಂದ ಕಾಲು ತೆಗೆದ ಕೂಡಲೇ ಗಾಡಿ ಗಕ್ಕನೆ ತಡೆಯುವ ಹಾಗೆ, ಒಂದೇ ಪೆಡಲಿನಲ್ಲಿ ಓಡಿಸುವ ಮೋಡ್ ಇರುತ್ತದಲ್ಲ, ಓಡಿಸುವವರಿಗೆ ಅದು ಖುಷಿ. ಹಿಂದಿನ ಚಕ್ರದ ನೆತ್ತಿಯ ಮೇಲೆ ಕೂತ ಮಕ್ಕಳಿಗೆ ಮೂರನೇ ತಿರುವಿನಲ್ಲೇ ಹೊಟ್ಟೆ ತೊಳೆಸಲು ಶುರುವಾಗುತ್ತದೆ. ಸ್ಟೀರಿಂಗಿನ ಹಿಂದೆ ಆ ತಡೆಯನ್ನು ಹೆಚ್ಚು ಕಡಿಮೆ ಮಾಡುವ ಪ್ಯಾಡಲ್ ಉಂಟು, ಕಿಯಾದಲ್ಲೂ, ಅಯಾನಿಕ್‌ನಲ್ಲೂ. ಹಿಂದೆ ಮಕ್ಕಳಿದ್ದರೆ ಕಡಿಮೆ ಹಂತದಲ್ಲಿಟ್ಟು ನಿಧಾನ ಇಳಿಯಿರಿ. ಪ್ಲಾಸ್ಟಿಕ್ ಚೀಲ ಕೈಗೆಟುಕುವಲ್ಲಿರಲಿ.

ಓಟದ ಅಂಕಿಯ ವಿಷಯಕ್ಕೆ ಬಂದರೆ, ಇವಿ 9ಕ್ಕೆ ನಮ್ಮಲ್ಲಿ ವಾಹನಗಳನ್ನು ಪರೀಕ್ಷಿಸುವ ಎಆರ್‌ಎಐ ಸಂಸ್ಥೆ ಕೊಟ್ಟ ಅಂಕಿ 561 ಕಿಲೋಮೀಟರ್. ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಅದೇ ಬಗೆಯ ಗಾಡಿಗೆ ಅಮೆರಿಕದ ಪರೀಕ್ಷೆ ಕೊಟ್ಟದ್ದು 435ರ ಹತ್ತಿರ. ಪರೀಕ್ಷೆಯ ರೀತಿ ಬೇರೆ, ಉತ್ತರವೂ ಬೇರೆ. ನಾನು ಯಾವ ಎಲೆಕ್ಟ್ರಿಕ್ ಕಾರಿನ ಪುಸ್ತಕದ ಅಂಕಿಯಿಂದಲೂ ಕಾಲು ಭಾಗ ಕಳೆದೇ ಪ್ರಯಾಣ ಲೆಕ್ಕ ಹಾಕುವವನು. ಹಾಗೆ ನೋಡಿದರೂ ಮಂಗಳೂರಿನಿಂದ ಬೆಂಗಳೂರಿಗೆ ಇವಿ 9ರಲ್ಲಿ ಒಂದೇ ಉಸಿರಿಗೆ ಹೋಗಬಹುದು. ಇಮ್ಯಾಕ್ಸ್ 7ರ 71.8 ಯೂನಿಟಿನದ್ದರಲ್ಲಿ ಕಾಫಿ ಕುಡಿಯಲು ನಿಂತಲ್ಲಿ ಒಮ್ಮೆ ಚಾರ್ಜಿಗೆ ಹಾಕಿಕೊಳ್ಳುವುದು ಕ್ಷೇಮ.

ಇವಿ 9ರ ಬ್ಯಾಟರಿ 24 ನಿಮಿಷದಲ್ಲಿ ಶೇಕಡಾ ಹತ್ತರಿಂದ ಎಂಬತ್ತಕ್ಕೆ ತುಂಬುತ್ತದೆ ಎನ್ನುವ ಜಾಹೀರಾತು ಸುಳ್ಳಲ್ಲ, 350 ಕಿಲೋವ್ಯಾಟಿನ ಚಾರ್ಜರ್ ಸಿಕ್ಕಿದರೆ. ಹೆದ್ದಾರಿಯಲ್ಲಿ 60 ಕಿಲೋವ್ಯಾಟಿನದ್ದು ಸಿಕ್ಕಿದರೆ ಅದೇ ಕೆಲಸಕ್ಕೆ 70 ನಿಮಿಷದ ಮೇಲೆ. ಮನೆಯಲ್ಲಿ 7 ಕಿಲೋವ್ಯಾಟಿನ ಚಾರ್ಜರಿನಲ್ಲಿ ಪೂರ್ತಿ ತುಂಬಲು 14 ಗಂಟೆ, 15 ಆಂಪಿಯರಿನ ಮಾಮೂಲಿ ಸಾಕೆಟ್ಟಿನಲ್ಲಿ ಒಂದೂವರೆ ದಿನ. ದಿನಕ್ಕೆ ಮೂವತ್ತು ನಲವತ್ತು ಕಿಲೋಮೀಟರ್ ಓಡಾಡುವವರಿಗೆ ಅದೂ ಸಾಕಾಗುತ್ತದೆ ಎನ್ನಿ. ವಿದ್ಯುತ್ ಕೊಡುವ ಮೆಸ್ಕಾಂಗೆ ಅರ್ಜಿ ಹಾಕಿ ಮನೆಯ ಲೋಡ್ ಹೆಚ್ಚಿಸಿಕೊಳ್ಳುವುದನ್ನು ಗಾಡಿ ಬುಕ್ ಮಾಡುವ ದಿನವೇ ಮಾಡಿ. ಜೊತೆಗೆ ಅರ್ತಿಂಗ್ ನೋಡಿಸಿಕೊಳ್ಳಿ. ನಮ್ಮ ಮುರಕಲ್ಲಿನ ನೆಲ ಏಪ್ರಿಲ್, ಮೇ ತಿಂಗಳಲ್ಲಿ ಒಣಗಿ ಹೋದಾಗ ಅರ್ತಿಂಗ್ ದುರ್ಬಲವಾಗುತ್ತದೆ, ಚಾರ್ಜರ್ ಕೆಂಪು ದೀಪ ತೋರಿಸಿ ಕೂತುಬಿಡುತ್ತದೆ. ಗಾಡಿ ಕೆಟ್ಟಿತೆಂದು ಸರ್ವಿಸಿಗೆ ಫೋನ್ ಮಾಡುವ ಮೊದಲು ಅರ್ತಿಂಗ್ ಗುಂಡಿಗೆ ಎರಡು ಕೊಡಪಾನ ನೀರು ಹೊಯ್ದು ನೋಡಿ. ಮಳೆಗಾಲದಲ್ಲಿ ಕೊಟ್ಟಾರ ಚೌಕಿಯಲ್ಲೋ ಪಡೀಲಿನ ಅಂಡರ್‌ಪಾಸಿನಲ್ಲೋ ನೀರು ನಿಂತಿದ್ದರೆ, ಬ್ಯಾಟರಿ ಎಷ್ಟೇ ಭದ್ರ ಎಂದು ಹೇಳಲಿ, ಸುತ್ತು ದಾರಿ ಹಿಡಿಯುವುದೇ ವಾಸಿ.

ಭಾವನವರ ಮನೆಯಲ್ಲಿ ಕೊನೆಯ ಸಾಲಿನಲ್ಲಿ ಕೂರುವವರು ಮೊಮ್ಮಕ್ಕಳಿಬ್ಬರು, ಅದೂ ರಜೆಯಲ್ಲಿ ಬಂದಾಗ. ಉಳಿದ ದಿನಗಳಲ್ಲಿ ಅಕ್ಕ, ಭಾವ, ತೊಂಬತ್ತರ ಹತ್ತಿರದ ಅಜ್ಜಿ. ಅಜ್ಜಿಗೆ ಬೇಕಾದದ್ದು ನಡುವಿನ ಸಾಲಿನ ಒಂದು ಕ್ಯಾಪ್ಟನ್ ಸೀಟು, ಕಾಲೆತ್ತಿ ಹತ್ತಬೇಕಾಗದ ಎತ್ತರ, ಹಿಡಿದುಕೊಳ್ಳಲು ಒಂದು ಹಿಡಿ. ಸಾಮಾನು ಕಡಿಮೆ, ಗೇಟು ಸಣ್ಣದು. ಇಮ್ಯಾಕ್ಸ್ 7 ಸಾಕು ಎಂದು ನಾನು ಹೇಳಿದ್ದೇನೆ. ಇವಿ 9 ಬೇಡ ಎನ್ನಲು ನನಗೆ ಬೆಲೆಗಿಂತ ಅಗಲವೇ ದೊಡ್ಡ ಕಾರಣ. ಆದರೆ ಬುಕ್ ಮಾಡುವ ಮೊದಲು ಟೆಸ್ಟ್ ಡ್ರೈವಿಗೆ ಗಾಡಿಯನ್ನು ಮನೆಗೇ ತರಿಸಿಕೊಳ್ಳಿ, ಅಜ್ಜಿ ಹತ್ತಿ ಇಳಿದು ನೋಡಲಿ ಎಂದಿದ್ದೇನೆ. ಬರುವ ಭಾನುವಾರ ತರುತ್ತೇವೆ ಎಂದು ಶೋರೂಮಿನವರು ಒಪ್ಪಿದ್ದಾರಂತೆ.

ನಮಸ್ಕಾರ.