ಸುದ್ದಿ ಬಂದರೆ ಮೊದಲು ತಾರೀಖು ಕೇಳಿ

ಕೇಳುಗರೆಲ್ಲರಿಗೂ ನಮಸ್ಕಾರ.

ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಹೊರಬಂತು. ಹದಿನೈದು ದಿನಕ್ಕೊಂದು ಸಂಚಿಕೆ. ಈಗ ನಮ್ಮ ಆಲೂರು, ಬೇಲೂರು ಕಡೆ ಕಾಡಾನೆ ತೋಟಕ್ಕೆ ಇಳಿದರೆ ಹದಿನೈದು ನಿಮಿಷವೂ ಬೇಡ. ತೋಟದವರೇ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಾರೆ. ಪೇಪರಿನ ನಮಗೂ ಸುದ್ದಿ ಅಲ್ಲಿಂದಲೇ ಬರುತ್ತದೆ. ಬಹಳ ಒಳ್ಳೆಯದು, ಇದರಿಂದ ಜೀವ ಉಳಿಯುತ್ತದೆ. ನಾನು ಕೇಳುವುದು ಒಂದೇ. ಸುದ್ದಿ ಬಂದಾಗ ಮೊದಲು ತಾರೀಖು ಕೇಳಿ.

ಒಂದು ಮಳೆಗಾಲದ ಮಾತು. ಸಕಲೇಶಪುರದಿಂದ ಮಂಗಳೂರಿಗೆ ಇಳಿಯುವ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದ ವಿಡಿಯೊ ಸಕಲೇಶಪುರದ ಮೊಬೈಲುಗಳಿಗೆಲ್ಲ ಬಂತು. ಪರಿಚಯದ ಮನೆಯೊಂದರವರು ವಯಸ್ಸಾದ ತಂದೆಯನ್ನು ಮಂಗಳೂರಿನ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ವಿಡಿಯೊ ನಂಬಿ ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಹಿಡಿದರು. ಮಂಜು, ಮಳೆ, ಹಾವಿನಂಥ ತಿರುವು. ಆ ಹಿರಿಯರಿಗೆ ದಾರಿಯುದ್ದಕ್ಕೂ ವಾಂತಿ.

ಅದೇ ವಿಡಿಯೊ ನಮ್ಮ ಕಚೇರಿಗೂ ಬಂದಿತ್ತು. ಹೊಸದಾಗಿ ಸೇರಿದ ಹುಡುಗಿ ಮತ್ತೆ ಮತ್ತೆ ನೋಡಿ, "ಸಾರ್, ಇಲ್ಲಿರೋದು ಡಾಂಬರು ರಸ್ತೆ. ಆ ಜಾಗಕ್ಕೆ ಕಾಂಕ್ರೀಟ್ ಹಾಕಿ ಎಷ್ಟೋ ಕಾಲ ಆಯ್ತಲ್ವಾ?" ಅಂದಳು. ತಕ್ಷಣ ಶಿರಾಡಿ ದಾರಿಯಲ್ಲೇ ಇರುವ ಮಾರನಹಳ್ಳಿಯ ಟೀ ಅಂಗಡಿಗೆ ಫೋನ್ ಮಾಡಿದಳು. "ಈಗ ತಾನೇ ಧರ್ಮಸ್ಥಳದ ಬಸ್ ಹೋಯ್ತಲ್ಲಮ್ಮ" ಅಂದರು. ವಿಡಿಯೊ ಹಳೆಯದು, ಘಾಟಿ ತೆರೆದೇ ಇತ್ತು! ಒಂದು ಫೋನ್ ಸಾಕಾಯಿತು ನೋಡಿ. ಪತ್ರಕರ್ತರ ಕೆಲಸ ಅಂದರೆ ಇದು. ಸುದ್ದಿಯನ್ನು ಮೊದಲು ಹೇಳುವವರು ಈಗ ಊರ ತುಂಬ ಇದ್ದಾರೆ. ವಿಚಾರಿಸಿ ಹೇಳುವವರು ಬೇಕು.

ಹಾಗಂತ ಘಾಟಿ ಕುಸಿಯುವುದೇ ಇಲ್ಲ ಅಂತಲ್ಲ. 2024ರ ಜುಲೈನಲ್ಲಿ ದೊಡ್ಡತಪ್ಪಲೆ ಹತ್ತಿರ ನಿಜವಾಗಿಯೂ ಕುಸಿಯಿತು. ಹಳೇ ವಿಡಿಯೊ ನೋಡಿ ನೋಡಿ ಬೇಸತ್ತವರು ನಿಜವಾದ ಎಚ್ಚರಿಕೆಯನ್ನೂ ನಂಬುವುದಿಲ್ಲ. ನನಗೆ ಹೆಚ್ಚು ಭಯ ಅದರದ್ದೇ.

ಸಮಯ ಕಡಿಮೆ ಇದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ತಾಲ್ಲೂಕುಗಳಲ್ಲಿ ಯೂಟ್ಯೂಬ್ ಚಾನೆಲ್ ನಡೆಸುವ ಹುಡುಗರೇ, ಒಳ್ಳೆಯ ಕೆಲಸ ಮಾಡುತ್ತಿದ್ದೀರಿ. ಗ್ರಾಮ ಪಂಚಾಯಿತಿ ಸಭೆಗೆ ನಮ್ಮಿಂದ ಹೋಗಲು ಆಗುವುದಿಲ್ಲ, ನೀವು ಹೋಗುತ್ತೀರಿ. ದಯವಿಟ್ಟು ವಿಡಿಯೊ ಮೇಲೆ ಊರು, ತಾರೀಖು, ಗಂಟೆ ಬರೆಯಿರಿ. ತಪ್ಪಾದರೆ ಸುಮ್ನೆ ಅಳಿಸಬೇಡಿ. ಏನು ತಪ್ಪಾಗಿತ್ತು ಅಂತ ಅಲ್ಲೇ ತಿದ್ದಿ ಹಾಕಿ.

ಇನ್ನು ಮನೆಯಲ್ಲಿ ಕೂತು ಕೇಳುತ್ತಿರುವವರು. ತಾರೀಖಿಲ್ಲದ ವಿಡಿಯೊ ಬಂದರೆ ಮುಂದಕ್ಕೆ ಕಳಿಸಬೇಡಿ. ಕಳಿಸಿದವರನ್ನೇ "ಇದು ಯಾವತ್ತಿನದು?" ಅಂತ ಕೇಳಿ. ಅವರು ಭಾವನೇ ಆಗಿರಲಿ, ಬೀಗರೇ ಆಗಿರಲಿ, ಸಂಕೋಚ ಬೇಡ.

ನಮಸ್ಕಾರ.